ಅಪ್ಪ ಅರ್ಧಕ್ಕೆ ಬಿಟ್ಟ ಎಂಜಿನ್

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ನೀನೂ ಅಕ್ಕನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಅಪ್ಪ ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಅಕ್ಕನಿಗೆ ಫೋನಿನಲ್ಲಿ ಸುದ್ದಿಯನ್ನಷ್ಟೇ ಹೇಳಿದೆ. ಆಮೇಲೆ ಫೋನ್ ಇಟ್ಟುಬಿಟ್ಟೆ. ಬಾಯಿಗೆ ಬರದ್ದನ್ನು ಬರೆಯುತ್ತಿದ್ದೇನೆ. ಕಾಗದದ ಮೇಲೆ ಕಪ್ಪು ಬೆರಳಚ್ಚು ಬಿದ್ದಿದ್ದರೆ ಬೈಯಬೇಡ. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಗ್ರೀಸ್ ಹೋಗುತ್ತಿಲ್ಲ.

ಪಾರ್ಶ್ವವಾಯು ಹೊಡೆದ ದಿನ ಅಪ್ಪ ಗ್ಯಾರೇಜಿನಲ್ಲಿ ಬ್ರೆಡ್ ಮಾರುವವರ ಹಳೆಯ ಬೈಕಿನ ಎಂಜಿನ್ ಬಿಚ್ಚಿ ಹರಡಿಕೊಂಡಿದ್ದರು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಕೊರಡಾಗಿತ್ತು, ಮಾತು ತೊದಲುತ್ತಿತ್ತು. ಬ್ರೆಡ್ಡಿನವರು ಪಾಪ, ಎರಡು ತಿಂಗಳು ಸೈಕಲ್ಲಿನಲ್ಲೇ ಬೀದಿ ಸುತ್ತಿದರು. ಕೊನೆಗೊಂದು ದಿನ ಚೀಲ ಹಿಡಿದು ಬಂದು, ಬಿಡಿಭಾಗಗಳನ್ನು ಬೇರೆ ಕಡೆ ಒಯ್ಯುತ್ತೇನೆ ಎಂದರು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು. ಅದನ್ನು ನೋಡಲಾರದೆ, "ಬಿಡಿ, ನಾನೇ ಜೋಡಿಸ್ತೀನಿ" ಎಂದುಬಿಟ್ಟೆ. ಅಲ್ಲಿಯತನಕ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟದ್ದೇ ನನ್ನ ದೊಡ್ಡ ವಿದ್ಯೆ!

ದಿನಾ ಬೆಳಗ್ಗೆ ಅಪ್ಪನನ್ನು ಬೆಂಚಿನ ಪಕ್ಕ ಕೂರಿಸುತ್ತಿದ್ದೆ. ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಅವರ ಕಣ್ಣೆದುರು ಹಿಡಿಯಬೇಕು. ಅವರು ಎಡಗೈಯಲ್ಲಿ ಸವರಿ ನೋಡಿ ತಲೆಯಾಡಿಸಬೇಕು. ತಲೆಯ ಮೇಲೆ ಬಾಣದ ಗುರುತಿರುವ ಪಿಸ್ಟನ್ನನ್ನು ಹಿಂದುಮುಂದಾಗಿ ಹಿಡಿದರೆ, "ಬಾಣ ಸೈಲೆನ್ಸರ್ ಕಡೆಗೆ ಕಣೇ, ಪೆದ್ದಿ" ಎನ್ನುವರು. ಪಿಸ್ಟನ್ ಪಿನ್ನಿನ ಪುಟ್ಟ ಲಾಕು ಕೈಜಾರಿ ಎಂಜಿನ್ನಿನ ಹೊಟ್ಟೆಯೊಳಗೆ ಬಿತ್ತು. ಅಯಸ್ಕಾಂತಕ್ಕೆ ದಾರ ಕಟ್ಟಿ, ಬಾವಿಗೆ ಬಿದ್ದ ಕೊಡ ಎತ್ತುವಂತೆ ಅರ್ಧ ದಿನ ತಡಕಿದೆ. ಇನ್ನೊಮ್ಮೆ, ಎಲ್ಲ ಮುಗಿದ ಮೇಲೆ ಎರಡು ವಾಷರ್ ಉಳಿದವು. "ಓಲೆ ಮಾಡ್ಕೊಂಡು ಕಿವಿಗೆ ಹಾಕ್ಕೋ" ಎಂದು ನಕ್ಕರು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕದ್ದು ಅದೊಂದೇ ಸಲ. ಆ ವಾಷರ್‌ಗಳಿಗಾಗಿ ಮತ್ತೆ ಮೂರು ದಿನದ ಕೆಲಸ ಬಿಚ್ಚಿದೆ.

ನಾನು ಕೈಹಾಕಿದ ಏಳನೆಯ ವಾರ ಎಂಜಿನ್ ಶುರುವಾಯಿತು. ಕುಣಿಯುವಷ್ಟು ಖುಷಿಯಾಯಿತಮ್ಮ. ಆದರೆ ಸೈಲೆನ್ಸರಿನಿಂದ ನೀಲಿ ಹೊಗೆ ಬಂದು ಗ್ಯಾರೇಜ್ ತುಂಬಿಕೊಂಡಿತು. ಅಪ್ಪ ಕೆಮ್ಮುತ್ತಾ, "ಎಣ್ಣೆ ಸುಡ್ತಿದೆ. ಪಿಸ್ಟನ್ ರಿಂಗು ತಲೆಕೆಳಗಾಗಿದೆ. ಬಿಚ್ಚು" ಎಂದರು. ನನಗೆ ರೇಗಿತು. ಸ್ಪ್ಯಾನರನ್ನು ಅವರ ತೊಡೆಯ ಮೇಲೆ ಎಸೆದು, "ನನ್ನ ಕೈಲಾಗಲ್ಲ. ನಿಮಗೆ ಅಷ್ಟು ಗೊತ್ತಿದ್ರೆ ನೀವೇ ಮಾಡ್ಕೊಳ್ಳಿ" ಎಂದೆ. ಅವರು ಬಲಗೈಯಿಂದಲೇ ಅದನ್ನು ಎತ್ತಲು ನೋಡಿದರು. ಬೆರಳು ಮಡಚಲಿಲ್ಲ. ಸ್ಪ್ಯಾನರ್ ನೆಲಕ್ಕೆ ಬಿತ್ತು. ನಾನು ಎತ್ತಿಕೊಡಲೂ ಇಲ್ಲ, ಒಳಗೆ ಹೋದೆ.

ಊಟಕ್ಕೆ ಕರೆದಾಗ ಬಂದು ಉಂಡರು. ಮರುದಿನ ಬೆಳಗ್ಗೆ ಎಬ್ಬಿಸಲು ಹೋದರೆ ಮೈ ತಣ್ಣಗಾಗಿತ್ತು. ಎರಡನೆಯ ಸಲ ಹೊಡೆದಿತ್ತಂತೆ, ನಿದ್ದೆಯಲ್ಲೇ ಹೋಗಿದ್ದಾರೆ, ನೋವಾಗಿರಲ್ಲ ಎಂದರು ಡಾಕ್ಟರು. ಅವರಿಗೇನು ಗೊತ್ತು ಯಾವ ನೋವೆಂದು.

ತಿಥಿಗೆ ಬಂದವರೆಲ್ಲ ಹೊರಟುಹೋದ ಮೇಲೆ ಎಂಜಿನ್ ಬಿಚ್ಚಿದೆ. ಎರಡನೆಯ ರಿಂಗು ತಲೆಕೆಳಗಾಗಿಯೇ ಇತ್ತು. ಮೇಲ್ಮುಖವಾಗಿರಬೇಕಾದ ಪುಟ್ಟ ಗುರುತು ಕೆಳಗಿತ್ತು. ತಿರುಗಿಸಿ ಕೂರಿಸಿದೆ. ತಪ್ಪಾದಾಗ ಬೈಯುವವರಿಲ್ಲದೆ ಒಂದೊಂದು ಬೋಲ್ಟನ್ನೂ ಮೂರು ಮೂರು ಸಲ ನೋಡಬೇಕಾಯಿತು. ಮೊನ್ನೆ ಬ್ರೆಡ್ಡಿನವರು ಕಿಕ್ ಹೊಡೆದರು. ಎರಡನೆಯ ಏಟಿಗೇ ಹತ್ತಿಕೊಂಡಿತು, ಚೂರೂ ಹೊಗೆಯಿಲ್ಲ. ಅವರು ಬೀದಿಯ ತುದಿಯವರೆಗೆ ಓಡಿಸಿ ಬಂದು, ನಿಮ್ಮಪ್ಪನ ಕೈಗುಣ ಹಾಗೇ ಇದೆ ಎಂದರು. ನಾನು ಜೋಡಿಸಿದ್ದು ಎನ್ನದೆ ಸ್ಪ್ಯಾನರ್ ಒರೆಸಿಟ್ಟೆ.

ಗ್ಯಾರೇಜನ್ನು ಮುಚ್ಚುವುದಿಲ್ಲ. ನಾಳೆ ಹಾಲಿನವರ ಬೈಕ್ ಬರುತ್ತದೆ, ಬರೀ ಕ್ಲಚ್ ಕೆಲಸ. ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ.

ನಿನ್ನ,
ಚಿಕ್ಕವಳು

ಒಂದು ಮಾತು ಹೇಳಲು ಮರೆತಿದ್ದೆ ಎಂದು ಬರೆಯಹೊರಟೆ. ಮರೆತದ್ದಲ್ಲಮ್ಮ, ಮುಚ್ಚಿಟ್ಟದ್ದು. ಆಸ್ಪತ್ರೆಯಿಂದ ಬಂದ ವಾರವೇ ಅಪ್ಪ, "ನಿಮ್ಮಮ್ಮನಿಗೆ ಬರಿ. ಒಂದ್ಸಲ ನೋಡ್ಬೇಕು ಅಂತ ಬರಿ" ಎಂದಿದ್ದರು. ಬರೆದೆ ಎಂದು ಸುಳ್ಳು ಹೇಳಿದೆ. ಉತ್ತರ ಬಂತಾ ಎಂದು ಕೇಳಿದಾಗಲೆಲ್ಲ ಇನ್ನೂ ಇಲ್ಲ ಎಂದೆ. ಹದಿನೇಳು ವರ್ಷದ ಹಿಂದೆ ನೀನು ಅಕ್ಕನ ಕೈ ಹಿಡಿದು ಮನೆ ಬಿಟ್ಟಾಗ ನಾನೂ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದೆ, ನೀನು ಕರೆಯಲಿಲ್ಲ. ಅಪ್ಪನಾದರೂ ನನ್ನೊಬ್ಬಳಿಗೇ ಇರಲಿ ಅನ್ನಿಸಿತ್ತು. ನಿನಗೆ ಬರಲು ಮನಸ್ಸಿರಲಿಲ್ಲ ಎಂದೇ ಅಪ್ಪ ನಂಬಿ ಹೋದರು.