ಊರು ಕೇಳಿದ ತಪ್ಪು

ಮಲ್ಕಾಜ್‌ಗಿರಿ, ಹೈದರಾಬಾದ್
14 ಸೆಪ್ಟೆಂಬರ್ 2008

ಪ್ರೀತಿಯ ಅಂಬಕ್ಕಗೆ ತಮ್ಮ ವೈಜನಾಥನ ನಮಸ್ಕಾರಗಳು.

ನಿನ್ನ ಮಂಡಿನೋವು ಹೇಗಿದೆ? ಸುಲ್ತಾನ್ ಬಜಾರಿನಿಂದ ಕಳಿಸಿದ ಉಣ್ಣೆಯ ಪಟ್ಟಿಯನ್ನು ಕಟ್ಟಿಕೊಳ್ಳುತ್ತೀಯೋ, ಹೊಸದು ಮಾಸುತ್ತದೆಂದು ಪೆಟ್ಟಿಗೆಯಲ್ಲಿ ಮಡಿಚಿಟ್ಟಿದ್ದೀಯೋ? ನನ್ನದು ಸಕ್ಕರೆ ಕಾಯಿಲೆ ಒಂದು ಬಿಟ್ಟರೆ ಎಲ್ಲ ಸರಿ. ಸಾವಿತ್ರಿ ಹೋದ ಮೇಲೆ ರೊಟ್ಟಿ ಬಡಿಯುವುದನ್ನು ಕಲಿಯಬೇಕೆಂದು ಕೂತೆ. ಪಕ್ಕದ ಮನೆಯ ತೆಲುಗು ಹೆಣ್ಣುಮಗಳು ನೋಡಿ, ಇದು ಯಾವ ರಾಜ್ಯದ ನಕಾಶೆ ಎಂದು ಕೇಳಿದಳು. ಈಗ ಅನ್ನಕ್ಕೇ ಸಮಾಧಾನಪಟ್ಟುಕೊಂಡಿದ್ದೇನೆ.

ಫೋನು ಬಿಟ್ಟು ಕಾಗದ ಯಾಕೆ ಬರೆದ ಎಂದು ನೀನು ಅಂದುಕೊಳ್ಳುತ್ತೀ. ಫೋನೆಂದರೆ ಈಗ ನನಗೆ ಅಂಜಿಕೆ. ಹೇಳುತ್ತೇನೆ, ಆದರೆ ನೆಟ್ಟಗೆ ಹೇಳಲು ನನಗೆ ಬರುವುದಿಲ್ಲ, ಸುತ್ತಿಕೊಂಡೇ ಬರುತ್ತೇನೆ. ಹೋದ ವರ್ಷ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯವರು ನನ್ನನ್ನು ಕರೆದರೆಂದು ನೀನು ಓಣಿಗೆಲ್ಲ ಪೇಡೆ ಹಂಚಿದ್ದೆಯಲ್ಲ, ಅಲ್ಲಿಯದೇ ಮಾತು. ರೈಲ್ವೆಯಲ್ಲಿ ಲಂಚಕೋರರನ್ನು ಹಿಡಿಯುವ ವಿಜಿಲೆನ್ಸ್ ಕೆಲಸ ಮಾಡಿದವನೆಂದು ಅವರ ‘ಎಥಿಕ್ಸ್ ಕಮಿಟಿ’ಗೆ ನನ್ನನ್ನು ಹೊರಗಿನ ಸದಸ್ಯನಾಗಿ ಹಾಕಿಕೊಂಡರು. ಕಂಪನಿಯೊಳಗೆ ತಪ್ಪು ಕಂಡವರು ಒಂದು ನಂಬರಿಗೆ ಫೋನು ಮಾಡಬಹುದು, ಹೆಸರು ಹೇಳಬೇಕಾಗಿಲ್ಲ. ನಾವು ಕೇಳಿಕೊಂಡು ವಿಚಾರಣೆ ಮಾಡಿಸಬೇಕು. ಗೋಡೆಯ ಮೇಲೆ ಇಂಗ್ಲಿಷಿನ ದೊಡ್ಡ ಫಲಕಗಳು. ನಾನೂ ಮೊದಲ ಸಭೆಯಲ್ಲಿ ಗುಲ್ಬರ್ಗಾ ಕಾಲೇಜಿನ ಇಂಗ್ಲಿಷ್ ಉಪಯೋಗಿಸೋಣವೆಂದು ‘ಸೀಸರ್ಸ್ ವೈಫ್ ಮಸ್ಟ್ ಬಿ’ ಎಂದು ಶುರು ಮಾಡಿದೆ. ಆಕೆ ಸಂಶಯಕ್ಕೆ ಎಡೆಗೊಡದವಳಾಗಿರಬೇಕು ಎಂಬ ಮುಂದಿನ ಮಾತು ಹಾಳಾದ್ದು ನೆನಪಿಗೆ ಬರಲಿಲ್ಲ. ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ಆಗಲೇ ನನಗೆ ಸಂಶಯ ಬರಬೇಕಾಗಿತ್ತು.

ಹೋದ ತಿಂಗಳು ಒಂದು ಫೋನು ಬಂತು. ಕಂಪನಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಕೋಟೇಶ್ವರರಾವು ನನ್ನ ಪಕ್ಕದಲ್ಲೇ ಕೂತಿದ್ದ. ಫೋನಿನ ಸ್ಪೀಕರ್ ಹಾಕಿತ್ತು. ಹುಡುಗಿಯ ದನಿ, ಹಿಂದಿಯಲ್ಲಿ ಹೇಳುತ್ತಿದ್ದಳು. ಈ ಕಂಪನಿ ಹೊರದೇಶದ ಆಸ್ಪತ್ರೆಗಳ ರೋಗಿಗಳ ವಿವರ ಕಾಯ್ದಿಡುತ್ತದೆ. ಬೆಂಕಿಯೋ ನೆರೆಯೋ ಬಂದು ಒಂದು ಕಟ್ಟಡ ಹಾಳಾದರೂ ಇನ್ನೊಂದರಲ್ಲಿ ಎಲ್ಲದರ ನಕಲು ಇದೆ, ಅಲ್ಲಿಂದಲೇ ಕೆಲಸ ನಡೆಸುತ್ತೇವೆ ಎಂದು ಅವರಿಗೆ ಮಾತು ಕೊಟ್ಟಿದ್ದಾರೆ. ಆ ಇನ್ನೊಂದು ಕಟ್ಟಡದಲ್ಲಿ ಏನೂ ಇಲ್ಲವಂತೆ ಅಕ್ಕ. ಆಸ್ಪತ್ರೆಯವರು ನೋಡಲು ಬರುವ ದಿನ ಹುಡುಗ ಹುಡುಗಿಯರನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗಿ, ಸತ್ತ ಕಂಪ್ಯೂಟರುಗಳ ಮುಂದೆ ಕೂರಿಸಿ, ಟೈಪ್ ಮಾಡಿದ ಹಾಗೆ ಬೆರಳು ಆಡಿಸಿರಿ ಎನ್ನುತ್ತಾರಂತೆ. ಅವಳೂ ಹಾಗೆ ಕೂತು ಬಂದವಳು. ರೋಗಿಗಳ ಗತಿಯೇನು ಎಂದು ಕೇಳಿದಳು. ತನ್ನಷ್ಟಕ್ಕೆ ತಾನೇ, “ಎಲ್ಲಿ ಬಂದು ಸಿಕ್ಕೊಂಡೆನಪ್ಪಾ” ಎಂದಳು.

ಕನ್ನಡ! ಅಕ್ಕ, ನನಗೆ ಏನಾಯಿತೋ. ಮನೆಯಲ್ಲಿ ಕನ್ನಡ ಆಡುವ ಜೀವ ಇಲ್ಲದೆ ಎರಡು ವರ್ಷವಾಯಿತು. ಸಾವಿತ್ರಿ ಇದ್ದಾಗ ನನ್ನನ್ನು ಆಡಿಕೊಳ್ಳುತ್ತಿದ್ದಳು, ನೆನಪಿದೆಯಲ್ಲ? ಮೊದಲು ಟಿಕೆಟ್ ತಪಾಸಣೆಯಲ್ಲಿದ್ದಾಗ, ಗಾಡಿ ಹತ್ತಿ ವಿಕಾರಾಬಾದ್ ಮುಟ್ಟುವಷ್ಟರಲ್ಲಿ ನಾನು ಡಬ್ಬಿಯವರೆಲ್ಲರ ಊರು, ಮನೆತನ, ಬೀಗರು ವಿಚಾರಿಸಿ ಮುಗಿಸುತ್ತಿದ್ದೆ. “ನೀವು ಟಿಕೆಟ್ ಕೇಳಾಕ ಬಂದೀರೋ, ಕನ್ಯಾ ಕೇಳಾಕ ಬಂದೀರೋ?” ಎನ್ನುತ್ತಿದ್ದಳು. ಅದೇ ಚಟ ನಾಲಿಗೆಗೆ ಬಂತು. “ಯಾವ ಊರವ್ವಾ ನಿಂದು? ಯಾರ ಪೈಕಿ?” ಎಂದು ಕೇಳಿಬಿಟ್ಟೆ.

ಹಿರಿಯರು ಕೇಳಿದರೆ ನಮ್ಮ ಮಕ್ಕಳು ಹೇಳದೆ ಇರುತ್ತಾರೆಯೇ. “ಭಾಲ್ಕಿರಿ. ಹಣಮಂತರಾಯರ ಮಗಳರಿ” ಎಂದಳು. ಎಂದವಳೇ ತಡೆದಳು, ಫೋನು ಇಟ್ಟುಬಿಟ್ಟಳು. ಕೋಟೇಶ್ವರರಾವು ನಕ್ಕು, “ಮೀ ಊರಿ ಅಮ್ಮಾಯೇನಾ, ಸಾರ್?”, ನಿಮ್ಮೂರ ಹುಡುಗಿಯೇ, ಎಂದು ಕೇಳಿದ. ನಾನು ಆಗಲಾದರೂ ಬಾಯಿ ಮುಚ್ಚಿದೆನೇ? ಹೌದು, ನಮ್ಮ ಅಕ್ಕನ ಓಣಿಯವಳೇ, ತಂದೆ ಭಾಳ ಸಂಭಾವಿತರು ಎಂದು ಹೆಮ್ಮೆಯಿಂದ ಹೇಳಿದೆ. ಆತ ಚಹಾ ತರಿಸಿಕೊಟ್ಟ. ಕುಡಿದು ಮನೆಗೆ ಬಂದೆ.

ಎಂಟು ದಿನಕ್ಕೆ ಅವಳನ್ನು ತೆಗೆದುಹಾಕಿದರು. ಕಂಪನಿಯ ಮಾಹಿತಿ ಕದ್ದಳೆಂದು ಕಾರಣ ಕೊಟ್ಟಿದ್ದಾರೆ. ಕಳೆದ ಸಭೆಯಲ್ಲಿ ಕೋಟೇಶ್ವರರಾವು, ದೂರಿನಲ್ಲಿ ಹುರುಳಿಲ್ಲ, ದೂರು ಕೊಟ್ಟವರು ಯಾರೆಂದು ಯಾರಿಗೂ ಗೊತ್ತಾಗಿಲ್ಲ ಎಂದು ಬರೆದ ಕಾಗದವನ್ನು ನನ್ನ ಮುಂದೆ ಸರಿಸಿದ. ಅಲ್ಲೇ ಹರಿದು ಒಗೆಯಬೇಕಾಗಿತ್ತು. ನಾನು ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದೇನೆ, ಓದಿ ಮುಂದಿನ ಸಭೆಯಲ್ಲಿ ಸಹಿ ಮಾಡುತ್ತೇನೆ ಎಂದೆ. ಕನ್ನಡಕ ಅಂಗಿಯ ಜೇಬಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇತ್ತು. ಆತ ಅದನ್ನು ನೋಡಿದ, ನನ್ನ ಮುಖ ನೋಡಿದ. ವಿಜಿಲೆನ್ಸಿನಲ್ಲಿದ್ದಾಗ ನನ್ನ ಮುಂದೆ ಎಷ್ಟು ಜನ ಇಂಥ ಸುಳ್ಳು ಹೇಳಿದ್ದರು! ಅವರಿಗೆ ನಾನು ಕೊಟ್ಟ ನೋಟ ನನಗೇ ತಿರುಗಿ ಸಿಕ್ಕಿತು.

ನಿನ್ನೆ ಅವಳು ಊರಿಗೆ ಹೊರಟಳೆಂದು ಅವಳ ಹಾಸ್ಟೆಲಿನವರಿಂದ ತಿಳಿದು ಕಾಚಿಗೂಡ ಸ್ಟೇಷನ್ನಿಗೆ ಓಡಿದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ನಾನು ಮಾತಾಡಿದೊಡನೆ ದನಿ ಗುರುತಿಸಿದಳು. ಕಾಲು ಮುಟ್ಟಿ ನಮಸ್ಕರಿಸಿದಳು. ನಾನು ಆ ವಿಷಯ ತೆಗೆಯುವ ಮೊದಲೇ ಅವಳೇ ಹೇಳಿದಳು: “ಕಾಕಾ, ನೀವು ಹೇಳಿರಾಕಿಲ್ಲಂತ ನನಗ ಗೊತ್ತೈತ್ರಿ. ನಂಬರ್ ಹಿಡಿದು ಹುಡುಕ್ಯಾರ. ನೀವು ಮನಸಿಗೆ ಹಚ್ಕೋಬ್ಯಾಡ್ರಿ.”

ನಾನು ಅವಳಿಗೆ ಒಂದು ನೀರಿನ ಬಾಟಲಿ ಕೊಡಿಸಿದೆ. ಗಾಡಿ ಹೊರಟಿತು. ಅಷ್ಟೇ ಮಾಡಿದ್ದು.

ಮಳೆ ಹಿಡಿದಿದೆ, ತೊಗರಿ ಹೇಗಿದೆ ಎಂದು ಬರೆ. ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಕಾಲಿಗೆ ದೂರದಿಂದಲೇ ಬೀಳುತ್ತೇನೆ, ಹತ್ತಿರ ಬಂದು ಬೀಳುವ ಮುಖ ಸದ್ಯಕ್ಕೆ ಇಲ್ಲ.

ನಿನ್ನ ತಮ್ಮ,
ವೈಜನಾಥ

ತಾಜಾಕಲಂ: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಾಳೆಯ ಸಭೆಯಲ್ಲಿ ಸಹಿ ಮಾಡುವುದಿಲ್ಲ. ಹೆಸರು ನನ್ನ ಬಾಯಿಂದಲೇ ಹೊರಬಿತ್ತೆಂದು ಕಂಪನಿಯ ನಿರ್ದೇಶಕರ ಮುಂದೆ ಹೇಳುತ್ತೇನೆ. ಅಲ್ಲಿ ಮತ್ತೆ ಕನ್ನಡಕ ಮರೆತರೆ ಎಂದು ಭಯ, ಅದಕ್ಕೇ ಈ ಕಾಗದವನ್ನು ಮೊದಲು ಡಬ್ಬಿಗೆ ಹಾಕುತ್ತೇನೆ. ಹಾಸ್ಟೆಲಿನವರು ಹೇಳಿದರು, ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿ ಊರಲ್ಲಿ ಅವಳನ್ನು ಕಳ್ಳಿ ಎನ್ನುತ್ತಾರಂತೆ, ಹಣಮಂತರಾಯರು ಮಗಳೊಂದಿಗೆ ಮಾತು ಬಿಟ್ಟಿದ್ದಾರಂತೆ. ನೀನು ಮಂಡಿನೋವಿದ್ದರೂ ಅವರ ಮನೆಗೆ ಹೋಗು. ಒಳಗೆ ಕರೆದರೆ ಹೋಗಬೇಡ, ಕಟ್ಟೆಯ ಮೇಲೇ ಕೂತು ನಾಲ್ಕು ಮಂದಿಗೆ ಕೇಳುವ ಹಾಗೆ ಇದನ್ನು ಓದಿಸು. ಬರೆದವನು ಯಾರು, ಯಾರ ಪೈಕಿ ಎಂದು ಕೇಳಿಯೇ ಕೇಳುತ್ತಾರೆ. ನನ್ನ ತಮ್ಮ ಎಂದು ಹೇಳು.