ಒಂದೇ ಒಂದು ಮುದ್ದೆ

ಹೊಸಕೊಪ್ಪಲು,
ಕೃಷ್ಣರಾಜನಗರ ತಾಲ್ಲೂಕು.
14-3-1971, ಭಾನುವಾರ

ರಾವಂದೂರಿನ ಸುನಂದಮ್ಮನವರೇ,

ಕಾರ್ಡಿನ ಬದಲು ಕವರು ಬಂತಲ್ಲ ಎಂದು ಗಾಬರಿ ಮಾಡಿಕೊಳ್ಳಬೇಡಿ. ನಾವೆಲ್ಲ ನೆಟ್ಟಗಿದ್ದೇವೆ. ಸುದ್ದಿಯೂ ಒಳ್ಳೆಯದೇ, ಆದರೆ ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯುವ ಧೈರ್ಯ ನನಗೆ ಇರುವುದಿಲ್ಲ. ಸ್ವಲ್ಪ ತಾಳ್ಮೆ ತಂದುಕೊಂಡು ಓದಿ. ನಿಮ್ಮ ಮೇಷ್ಟ್ರಿಗೂ ಓದಿ ಹೇಳಿ, ಬೇಡವೆನಿಸಿದರೆ ಒಲೆಗೆ ಹಾಕಿ, ನಿಮ್ಮ ಇಷ್ಟ.

ಜನವರಿಯಲ್ಲಿ ನಾನು ನಿಮಗೆ ಎರಡೇ ಸಾಲಿನ ಕಾರ್ಡು ಹಾಕಿದ್ದೆ. ಮೇಷ್ಟ್ರ ಮುದ್ದೆಗೆ ಹಿಟ್ಟು ಎಷ್ಟು ಹಾಕುತ್ತೀರಿ ಎಂದು ಕೇಳಿದ್ದೆ. ಅರ್ಧ ಪಾವು, ಅದೂ ಮಟ್ಟಸವಾಗಿ ಅಳೆದು ಎಂದು ಮರುಟಪಾಲಿಗೇ ಬರೆದಿರಿ. ಯಾಕೆ ಕೇಳಿದೆ ಎಂದು ಒಂದು ಮಾತು ಕೇಳಲಿಲ್ಲ. ನಿಮ್ಮ ಆ ದೊಡ್ಡ ಗುಣವೇ ಎರಡು ತಿಂಗಳಿಂದ ನನ್ನನ್ನು ಒಳಗೊಳಗೇ ಕೊರೆಯುತ್ತಿದೆ. ನೀವು ಕೆದಕಿ ಕೇಳಿದ್ದರೆ ಏನೋ ಒಂದು ಸುಳ್ಳು ಹೇಳಿ ಮುಗಿಸಿಬಿಡುತ್ತಿದ್ದೆ.

ಹೋದ ಶ್ರಾವಣ ನೆನಪಿದೆಯಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ನಿಮ್ಮ ಗುರುಮಲ್ಲಪ್ಪ ಮೇಷ್ಟ್ರ ಮಂಚ, ಪಕ್ಕದಲ್ಲೇ ನಮ್ಮ ಯಜಮಾನರದ್ದು. ಇಬ್ಬರಿಗೂ ಸಕ್ಕರೆ ಕಾಯಿಲೆ. ಮೇಷ್ಟ್ರಿಗೆ ಬರೀ ಸುಸ್ತು. ನಮ್ಮವರಿಗೆ ಕಬ್ಬು ಕಡಿದುಳಿದ ಕೂಳೆ ಚುಚ್ಚಿದ ಕಾಲ್ಬೆರಳು ಎರಡು ತಿಂಗಳಾದರೂ ಮಾಯದೆ ಕೀವು ಕಟ್ಟಿತ್ತು. ಡಾಕ್ಟರು ಇಬ್ಬರಿಗೂ ಒಂದೇ ಪಥ್ಯ ಹೇಳಿದರು. ಸಕ್ಕರೆ ಬೆಲ್ಲ ಮುಟ್ಟುವ ಹಾಗಿಲ್ಲ, ಅನ್ನ ಬೇಡ, ಹೊತ್ತಿಗೆ ಒಂದು ಮುದ್ದೆ, ಜೊತೆಗೆ ಸೊಪ್ಪು, ಕಾಳು, ಮಜ್ಜಿಗೆ. ಆಸ್ಪತ್ರೆ ಬಿಡುವ ದಿನ ಮೇಷ್ಟ್ರೇ ಒಂದು ಏರ್ಪಾಟು ಮಾಡಿದರು. ಒಬ್ಬೊಬ್ಬರೇ ಬಾಯಿ ಕಟ್ಟಿದರೆ ವಾರಕ್ಕೆಲ್ಲ ಸೋತುಹೋಗುತ್ತೇವೆ ಚಲುವಯ್ಯನವರೇ, ಪ್ರತಿ ಸೋಮವಾರ ಒಬ್ಬರಿಗೊಬ್ಬರು ಕಾರ್ಡು ಹಾಕೋಣ, ಏನು ತಿಂದೆವು, ಗಾಜಿನ ಕೊಳವೆಯಲ್ಲಿ ಬಣ್ಣ ಏನು ಬಂತು, ಎರಡೇ ವಿಷಯ, ಆದರೆ ಸುಳ್ಳು ಬರೆಯಕೂಡದು ಎಂದರು. ನಮ್ಮವರಿಗೆ ಅಕ್ಷರ ಕೂಡಿಸುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಅವರು ಹೇಳುವುದು, ನಾನು ಬರೆಯುವುದು ಎಂದಾಯಿತು. ಮೇಷ್ಟ್ರು ಇಷ್ಟು ದಿನ ಓದಿದ್ದೆಲ್ಲ ನನ್ನ ಕೈಬರಹ.

ಬಣ್ಣದ ಪರೀಕ್ಷೆಯನ್ನು ನರ್ಸಮ್ಮ ನಮ್ಮಿಬ್ಬರಿಗೂ ಕಲಿಸಿದ್ದರಲ್ಲ. ನೀಲಿ ಔಷಧಿಗೆ ಎಂಟು ಹನಿ ಮೂತ್ರ ಬಿಟ್ಟು ಕಾಯಿಸುವುದು. ನೀಲಿಯಾಗೇ ಉಳಿದರೆ ಗೆದ್ದ ಹಾಗೆ, ಹಸಿರಾದರೆ ಪರವಾಗಿಲ್ಲ, ಹಳದಿ, ಕಿತ್ತಳೆ ಎಂದು ಏರುತ್ತಾ ಇಟ್ಟಿಗೆ ಕೆಂಪಿಗೆ ಬಂದರೆ ಮೈತುಂಬ ಸಕ್ಕರೆ. ನಮ್ಮತ್ತೆ ಮೊದಲ ದಿನವೇ, "ದೇವ್ರ ದೀಪ ಅಚ್ಚೋ ಮನೇಲಿ ಉಚ್ಚೆ ಕಾಯಿಸ್ತೀರೇನ್ರಲಾ" ಎಂದು ರಂಪ ಮಾಡಿದ್ದರಿಂದ ಸ್ಪಿರಿಟ್ ದೀಪ, ಕೊಳವೆ ಎಲ್ಲ ಕೊಟ್ಟಿಗೆಗೆ ವರ್ಗವಾದವು. ವಾರಕ್ಕೊಮ್ಮೆ ಎಮ್ಮೆಗಳ ಮುಂದೆ ನಾವಿಬ್ಬರೂ ಕುಕ್ಕರಗಾಲಿನಲ್ಲಿ ಕುಳಿತು ಆ ಕೊಳವೆಯನ್ನೇ ದಿಟ್ಟಿಸುವುದು. ನಗಬೇಡಿ.

ಮೇಷ್ಟ್ರ ಕಾರ್ಡಿನಲ್ಲಿ ಮೂರನೇ ವಾರಕ್ಕೇ ಹಸಿರು ಬಂತು, ದಸರಾ ಹೊತ್ತಿಗೆ ನೀಲಿ. ನಮ್ಮದು ಬರೀ ಇಟ್ಟಿಗೆ ಕೆಂಪು. ಮೇಷ್ಟ್ರು ಒಂದು ವಾರವೂ ತಪ್ಪಿಸದೆ ಧೈರ್ಯ ಹೇಳಿ ಬರೆದರು. ಬೆಲ್ಲವಿಲ್ಲದ ಕಾಫಿ ಹತ್ತು ದಿನ ಕಷ್ಟ, ಆಮೇಲೆ ಬೆಲ್ಲ ಹಾಕಿದ್ದೇ ಬಾಯಿಗೆ ಸೇರುವುದಿಲ್ಲ ಎಂದರು. ಹಸಿವು ತಡೆಯದಿದ್ದರೆ ಮಜ್ಜಿಗೆಗೆ ಕರಿಬೇವು ಹಿಂಡಿ ಕುಡಿಯಿರಿ, ನಾನೂ ಈಗ ಅದನ್ನೇ ಕುಡಿಯುತ್ತಾ ಇದನ್ನು ಬರೆಯುತ್ತಿದ್ದೇನೆ ಎಂದರು. ಆ ಕಾರ್ಡುಗಳನ್ನು ನಮ್ಮವರು ದಾರ ಕಟ್ಟಿ ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದಾರೆ. ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದರು. ನಮ್ಮೂರಿನಲ್ಲಿ ಆಲೆಮನೆ ಹೂಡಿದರೆ ಬೀದಿಗೆಲ್ಲ ಬಿಸಿ ಬೆಲ್ಲದ ವಾಸನೆ. ಇವರು ಅದರ ತಂಟೆಯೇ ಬೇಡವೆಂದು ಕುಂಟಿಕೊಂಡು ಕಾಲುವೆ ಏರಿಯ ಮೇಲೆ ಸುತ್ತಿ ಮನೆಗೆ ಬರುತ್ತಿದ್ದರು.

ಹೊತ್ತಿಗೆ ಒಂದೇ ಮುದ್ದೆ ಎಂದು ಪ್ರತಿ ಸೋಮವಾರ ನಾನು ಬರೆದೆ. ಸುನಂದಮ್ಮನವರೇ, ಆ ಒಂದು ಮುದ್ದೆಗೆ ನಾನು ಹಾಕುತ್ತಿದ್ದ ಹಿಟ್ಟು ಒಂದೂವರೆ ಪಾವು.

ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಇನ್ನು ಉಳಿದದ್ದು ಸಲೀಸು.

ಕಾಯಿಲೆಗೆ ಮುಂಚೆ ಅವರು ಹೊತ್ತಿಗೆ ಮೂರು ಮುದ್ದೆ ಉಣ್ಣುತ್ತಿದ್ದವರು. ಆಸ್ಪತ್ರೆಯಿಂದ ಬಂದ ದಿನ ನಾನು ನಿಯತ್ತಾಗಿ ಸಣ್ಣ ಮುದ್ದೆ ಒಂದನ್ನೇ ಬಡಿಸಿದೆ. ಅತ್ತೆ ನೋಡಿದವರೇ, "ಗೇಯೋ ಗಂಡ್ಸಿಗೆ ಒಂಟಿ ಮುದ್ದೆ ಇಕ್ಕೀಯಲ್ಲೇ, ನನ್ ಮಗನ್ನ ಒಣಗ್ಸಿ ಸಾಯಿಸ್ಬೇಕು ಅಂತಿದ್ದೀಯಾ?" ಎಂದು ಕಣ್ಣಿಗೆ ಸೆರಗು ಒತ್ತಿಕೊಂಡರು. ಎಲ್ಲವನ್ನೂ ಅತ್ತೆಯ ತಲೆಗೆ ಕಟ್ಟಿ ನಾನು ಕೈತೊಳೆದುಕೊಳ್ಳಬಹುದು. ಆದರೆ ಅವರು ಆಡಿದ್ದು ಒಂದು ಸಲ. ಎರಡು ಹೊತ್ತೂ ಹಿಟ್ಟು ತೊಳಸಿದ ಕೈ ನನ್ನದು. ನಮ್ಮವರು ತಟ್ಟೆಯನ್ನು ಬೆರಳಿನಿಂದ ಸವರಿ ನೆಕ್ಕಿ, ಎರಡು ಚೊಂಬು ನೀರು ಕುಡಿದು, ಒಂದು ಸಲ ಹಿಟ್ಟಿನ ಗಡಿಗೆಯ ಕಡೆ ನೋಡಿ ಸುಮ್ಮನೆ ಎದ್ದರು. ಕೇಳಲಿಲ್ಲ. ಕೇಳಿದ್ದರೆ ಗದರಿಸಿಬಿಡುತ್ತಿದ್ದೆ. ಆ ನೋಟವನ್ನು ನನ್ನ ಕೈಲಿ ತಡೆಯಲಾಗಲಿಲ್ಲ. ಮಾರನೆಯ ದಿನ ಒಂದು ಹಿಡಿ ಹಿಟ್ಟು ಹೆಚ್ಚು ಹಾಕಿದೆ, ಅದರ ಮಾರನೆಯ ದಿನ ಇನ್ನೊಂದು ಹಿಡಿ. ವಾರದೊಳಗೆ ಮೂರು ಮುದ್ದೆ ಸೇರಿ ಒಂದಾಯಿತು. ಡಾಕ್ಟರು ಹೇಳಿದ್ದೂ ಒಂದು, ತಟ್ಟೆಯಲ್ಲಿ ಇರುವುದೂ ಒಂದು, ಅವರ ಮಾತೂ ಉಳಿಯಿತು ಇವರ ಹೊಟ್ಟೆಯೂ ತುಂಬಿತು ಎಂದು ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಎಂಥ ದಡ್ಡಿ ನೋಡಿ!

ಅನುಮಾನ ಬರಲಿಲ್ಲವೇ ಎನ್ನುತ್ತೀರಿ. ದೀಪಾವಳಿ ಹೊತ್ತಿಗೇ ಬಂತು. ರಾಗಿ ಏನು ಸಿಹಿಯೇ, ಅದು ಹೇಗೆ ಸಕ್ಕರೆಯಾದೀತು ಎಂದು ತಳ್ಳಿಹಾಕಿದೆ. ಅಷ್ಟಕ್ಕೆ ಬಿಟ್ಟಿದ್ದರೂ ಚೆನ್ನಾಗಿತ್ತು. ಮೇಷ್ಟ್ರ ನೀಲಿಯೆಲ್ಲ ಸುಳ್ಳು, ಓದಿದವರು ಏನು ಬೇಕಾದರೂ ಬರೆಯುತ್ತಾರೆ ಎಂದು ಇವರ ಕಿವಿಗೆ ಊದಿದೆ. ಇವರಿಗೆ ಎಲ್ಲಿತ್ತೋ ಸಿಟ್ಟು. "ಆ ಮನುಷ್ಯನ್ ಸುದ್ದಿಗೆ ಓದ್ರೆ ಸುಮ್ಕಿರಾಕಿಲ್ಲ" ಎಂದು ಅಂದು ಪೂರ್ತಿ ನನ್ನ ಜೊತೆ ಮಾತು ಬಿಟ್ಟರು. ಇದಕ್ಕೆ ಮೇಷ್ಟ್ರ ಕ್ಷಮೆ ಬೇರೆಯಾಗಿ ಕೇಳುತ್ತೇನೆ.

ಜನವರಿಯಲ್ಲಿ, ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ, ಮೈಸೂರಿಗೆ ತೋರಿಸಲು ಹೋದೆವು. ಡಾಕ್ಟರು ಬೆರಳು ನೋಡಿದರು, ಕೊಳವೆ ನೋಡಿದರು, ರೇಗಿಬಿಟ್ಟರು. "ಕದ್ದು ತಿಂತೀಯ ಕಣಯ್ಯ ನೀನು. ಕಬ್ಬಿನ ಊರವನು ಬೇರೆ. ಎರಡು ತಿಂಗಳು ನೋಡ್ತೀನಿ. ಹುಣ್ಣು ಮುಚ್ಚದಿದ್ರೆ ಬೆರಳು ತೆಗೀಲೇಬೇಕು, ದಿನಾ ಸೂಜಿನೂ ಹಾಕಿಸ್ಕೋಬೇಕು" ಎಂದು ಹತ್ತು ಜನರ ಎದುರಿಗೆ ಅಂದರು. ಇವರು ಹೆಗಲ ಮೇಲಿನ ವಲ್ಲಿಯನ್ನು ಕೈಗೆ ತೆಗೆದುಕೊಂಡು, "ಕದ್ದಿಲ್ಲ ಸ್ವಾಮಿ" ಎಂದರು. ಯಾರೂ ನಂಬಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಕೃಷ್ಣರಾಜನಗರದಲ್ಲಿ ಬಸ್ಸು ಇಳಿಯುವಾಗ ಇವರು, "ಬೆರಳು ಓದ್ರೆ ಗದ್ದೆ ಕೆಸರಿಗೆ ಇಳಿಯೋಕಾಯ್ತದಾ?" ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಮಡಿಪಂಚೆ ಉಟ್ಟು ದೇವರ ಮುಂದೆ ದೀಪ ಹಚ್ಚಿ ನನ್ನನ್ನು ಕರೆದರು. "ನೋಡು, ಈ ದೀಪ ಮುಟ್ಟಿ ಏಳ್ತೀನಿ. ಒಂದು ಮುದ್ದೆ ಬುಟ್ಟು ಬ್ಯಾರೆ ಏನಾರ ತಿಂದಿದ್ರೆ ನನ್ ಕಣ್ಣು ಓಗ್ಲಿ. ನೀನು ಇದ್ನ ಮೇಷ್ಟ್ರಿಗೆ ಬರಿ. ಡಾಕ್ಟ್ರು ನಂಬದಿದ್ರೆ ಓಗ್ಲಿ ಬುಡು, ಮೇಷ್ಟ್ರು ನಂಬುದ್ರೆ ಸಾಕು" ಎಂದು ಕೈ ಚಾಚಿದರು.

ನಾನು ಅವರ ಮಣಿಕಟ್ಟು ಹಿಡಿದುಬಿಟ್ಟೆ. ಮುಟ್ಟಬೇಡಿ, ಮುಟ್ಟಬೇಡಿ ಎಂದು ಕಿರುಚಿದೆನಂತೆ, ಅತ್ತೆ ಹೇಳುತ್ತಾರೆ. ಒಳಗೆ ಓಡಿ, ಆಗತಾನೇ ಕಟ್ಟಿಟ್ಟಿದ್ದ ಮುದ್ದೆಯನ್ನು ತಟ್ಟೆಸಮೇತ ತಂದು ಅವರ ಮುಂದಿಟ್ಟೆ. ಬಿಸಿಬಿಸಿಯಾಗಿ ಹೊಗೆಯಾಡುತ್ತಿತ್ತು. ಕೈ ಸುಟ್ಟರೆ ಸುಡಲಿ ಎಂದು ಅದನ್ನು ಮುರಿದು ಉಂಡೆ ಕಟ್ಟಿದೆ. ಒಂದು. ಎರಡು. ಮೂರು. ಮೂರೂ ಒಳ್ಳೆ ಮದುವೆ ಮನೆಯ ಮುದ್ದೆಯ ಹಾಗೆ ತಟ್ಟೆಯಲ್ಲಿ ಕುಳಿತವು. ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡರು.

ಬೈಯುತ್ತಾರೆ ಎಂದುಕೊಂಡೆ. ಹೊಡೆದರೂ ಹೊಡೆಸಿಕೊಳ್ಳುವುದು ಎಂದು ತಲೆ ಬಗ್ಗಿಸಿ ನಿಂತೆ. ಅವರು ತಟ್ಟೆಯನ್ನೇ ನೋಡುತ್ತಾ ಕಿವಿ ಕೆರೆದುಕೊಂಡು, "ದೊಡ್ದಾಗಿ ಅದೆ ಅಂತ ನಂಗೂ ಗೊತ್ತಿತ್ತು ಕಣಮ್ಮಿ. ಕೇಳುದ್ರೆ ಎಲ್ಲಿ ಚಿಕ್ಕದು ಮಾಡ್ಬುಡ್ತೀಯೋ ಅಂತ ಸುಮ್ಕಿದ್ದೆ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ದೀಪ ಮುಟ್ಟಲು ಹೇಗೆ ಹೋದಿರಿ ಎಂದು ರೇಗಿದೆ. "ತಿಂದಿದ್ದು ಒಂದೇ ಅಲ್ವಾ" ಎಂದರು, ಏನೂ ಗೊತ್ತಿಲ್ಲದವರ ಹಾಗೆ. ಆಮೇಲೆ ಯಾರು ಮೊದಲು ನಕ್ಕರೋ ಗೊತ್ತಿಲ್ಲ. ನಗುತ್ತಾ ನಗುತ್ತಾ ನನಗೆ ಅಳು ಬಂತು, ಅವರ ಕಣ್ಣಲ್ಲೂ ನೀರು. "ಗಂಡ ಎಂಡ್ತಿ ಸೇರ್ಕಂಡು ಡಾಕ್ಟ್ರಿಗೇ ಟೋಪಿ ಆಕುದ್ರಲ್ಲ" ಎಂದು ಅತ್ತೆ ಎರಡು ಮುದ್ದೆ ಎತ್ತಿಕೊಂಡು ಹೋಗಿ ಎಮ್ಮೆಗಳ ಕಲಗಚ್ಚಿನ ಬಾನಿಗೆ ಹಾಕಿದರು. ಉಳಿದ ಒಂದನ್ನು ಇವರು ತುಂಬ ನಿಧಾನವಾಗಿ ಉಂಡರು. ಅಂದೇ ನಾನು ನಿಮಗೆ ಆ ಎರಡು ಸಾಲಿನ ಕಾರ್ಡು ಹಾಕಿದ್ದು.

ಮೊದಲ ಹದಿನೈದು ದಿನ ನಮ್ಮ ಮನೆ ಮನೆಯಾಗಿರಲಿಲ್ಲ. ಹಸಿವಿಗೆ ಇವರು ಎಲ್ಲರ ಮೇಲೂ ಹರಿಹಾಯುತ್ತಿದ್ದರು. ಪಕ್ಕದ ಮನೆಯ ಮರಿಯಯ್ಯನ ಕೋಳಿಯ ಮೇಲೂ ಜಗಳ ತೆಗೆದರು. ಮೇಷ್ಟ್ರ ಕರಿಬೇವಿನ ಮಜ್ಜಿಗೆಯೇ ಕಾಪಾಡಿದ್ದು. ಅತ್ತೆ ತಾವಾಗಿಯೇ ಹಿತ್ತಲಿನಲ್ಲಿ ದಂಟು, ಕೀರೆ ಸೊಪ್ಪು ಕಿತ್ತು ತಂದು, ಹುರುಳಿಕಾಳು ನೆನೆಸಿ, "ಉಪ್ಸಾರ್ನಾದ್ರೂ ಒಟ್ಟೆ ತುಂಬ ಕುಡೀಲಿ" ಎನ್ನತೊಡಗಿದರು. ಕೊಳವೆಯಲ್ಲಿ ಇಟ್ಟಿಗೆ ಕೆಂಪು ಹೋಗಿ ಕಿತ್ತಳೆ ಬಂತು, ಆಮೇಲೆ ಹಳದಿ, ಶಿವರಾತ್ರಿಯ ಹೊತ್ತಿಗೆ ಹಸಿರು. ಈ ತಿಂಗಳ ಮೊದಲ ಸೋಮವಾರ ನೀಲಿ! ಕಾರ್ಡಿನಲ್ಲಿ ನೀಲಿ ಎಂದು ಒಂದೇ ಮಾತು ಬರೆದೆ, ನಿಜ. ಇಲ್ಲಿ ಇವರು ಆ ಕೊಳವೆಯನ್ನು ಎತ್ತಿ ಹಿಡಿದುಕೊಂಡು ಬೀದಿಯಲ್ಲಿ ಹೋಗುವವರಿಗೆಲ್ಲ ತೋರಿಸಿದರು. ಒಳಗಿರುವುದು ಏನು ಎಂದು ಗೊತ್ತಾದ ಮೇಲೆ ಜನ ಓಡಿದರು.

ಮೊನ್ನೆ ಶುಕ್ರವಾರ ಮೈಸೂರಿಗೆ ಹೋಗಿದ್ದೆವು. ಡಾಕ್ಟರು ಗಾಯಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ, ಬೆರಳನ್ನು ಒತ್ತಿ ಒತ್ತಿ ನೋಡಿದರು. ಹುಣ್ಣು ಮುಚ್ಚಿದೆ, ಸುನಂದಮ್ಮನವರೇ. ಬೆರಳು ತೆಗೆಯುವ ಮಾತಿಲ್ಲ, ಸೂಜಿ ಬೇಡ, ಊಟ ಹೀಗೇ ನಡೆಯಲಿ ಎಂದರು. ಏನು ಮಾಡಿದೆಯಯ್ಯಾ ಎಂದು ಕೇಳಿದರು. ಇವರು ನನ್ನ ಕಡೆ ನೋಡದೆ, "ಒಂದೇ ಮುದ್ದೆ ತಿಂದೆ ಸ್ವಾಮಿ" ಎಂದರು. ಈಗ ದಾರಿಗೆ ಬಂದೆ ಎಂದು ಡಾಕ್ಟರು ಬೆನ್ನು ತಟ್ಟಿದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ನಾನು ಸೆರಗು ನೆನೆಯುವಷ್ಟು ಅತ್ತುಬಿಟ್ಟೆ. ಏಳು ತಿಂಗಳ ಭಾರ ಇಳಿಯಿತು. ನಿಮಗೆ ಹೇಳುವುದೊಂದು ಬಾಕಿ ಇತ್ತು, ಅದೂ ಈಗ ಮುಗಿಯಿತು.

ಮೇಷ್ಟ್ರಿಗೆ ನನ್ನ ಮೇಲೆ ಸಿಟ್ಟು ಬಂದರೆ ನ್ಯಾಯವೇ. ಆದರೆ ಸೋಮವಾರದ ಕಾರ್ಡು ಮಾತ್ರ ನಿಲ್ಲಿಸುವುದು ಬೇಡ ಎಂದು ಹೇಳಿ. ಅದು ಬರುವ ದಿನ ನಮ್ಮವರು ಅಂಚೆಯವನಿಗಾಗಿ ಬೆಳಗ್ಗೆಯಿಂದ ಜಗಲಿ ಬಿಟ್ಟು ಏಳುವುದಿಲ್ಲ.

ಇಷ್ಟು ದಿನ ಯಜಮಾನರ ಹೆಸರಿನಲ್ಲಿ ಬರೆದು, ಇವತ್ತು ತನ್ನ ಹೆಸರಿನಲ್ಲಿ ಬರೆಯುತ್ತಿರುವ,
ಪುಟ್ಟತಾಯಮ್ಮ

ಮರೆತಿಲ್ಲ, ಬರೆಯಲೋ ಬೇಡವೋ ಎಂದು ಕೊನೆಗಿಟ್ಟುಕೊಂಡೆ. ಹೋದ ವಾರ ಔಷಧಿ ಸ್ವಲ್ಪ ಉಳಿದಿತ್ತು. ಸುಮ್ಮನೆ ನನ್ನದನ್ನೂ ಕಾಯಿಸಿ ನೋಡಿದೆ. ಕಿತ್ತಳೆ ಬಂತು. ಮಾರನೆಯ ದಿನವೂ ಕಿತ್ತಳೆಯೇ. ಅಡಗಿಸಿಡೋಣ ಎಂದುಕೊಂಡಿದ್ದೆ, ಆಗಲಿಲ್ಲ. ನಿನ್ನೆ ಇವರಿಗೆ ತೋರಿಸಿದೆ. ಕೈಕಾಲು ತೊಳೆದುಕೊಂಡು ಒಲೆ ಮುಂದೆ ಕುಳಿತರು. ಜನ್ಮದಲ್ಲಿ ಒಲೆ ಮುಟ್ಟದ ಮನುಷ್ಯ, ಪಾವು ಹಿಡಿದು ಅಳೆದು, ನನ್ನ ಮುದ್ದೆಯನ್ನು ತಾವೇ ಕಟ್ಟಿದರು. ಗಂಟು ಗಂಟಾಗಿತ್ತು, ನಿಂಬೆಹಣ್ಣಿಗಿಂತ ಚೂರು ದೊಡ್ಡದು. ಕರುಣೆ ಅನ್ನುವುದೇ ಇಲ್ಲ. ಶುಕ್ರವಾರ ಮತ್ತೆ ಆಸ್ಪತ್ರೆಗೆ, ಈ ಸಲ ನನಗೆ. ಸೋಮವಾರ ನನ್ನ ಹೆಸರಿಗೂ ಒಂದು ಕಾರ್ಡು ಹಾಕಿ, ಸುನಂದಮ್ಮನವರೇ. ನನ್ನ ಕಾರ್ಡನ್ನು ಇನ್ನು ಮೇಲೆ ಇವರೇ ಬರೆಯುತ್ತಾರಂತೆ. ಅಕ್ಷರ ಸೊಟ್ಟಗಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಅವರು ಬರೆದದ್ದನ್ನು ನೀವು ನಂಬಬಹುದು.