ನೋವು ಹೇಳುವ ಬಾಗಿಲನ್ನು ಮತ್ತೆ ತೆರೆಯಿರಿ

ಮಾನ್ಯ ಯೋಜನಾ ನಿರ್ದೇಶಕರೇ,

ನಮ್ಮ ತಂತ್ರಾಂಶವನ್ನು ನೀವು ತೆಗೆದುಕೊಂಡದ್ದರ ಬಗ್ಗೆ ನನ್ನ ದೂರಿಲ್ಲ. ತೆಗೆದುಕೊಂಡು ಅದರ ಒಂದು ಬಾಗಿಲನ್ನು ಮುಚ್ಚಿಬಿಟ್ಟಿರಿ. ಅದರಾಚೆ ನಬೀಸಾತ್ತ ಎಂಬ ಹೆಂಗಸು ಮೂಳೆಯ ಕ್ಯಾನ್ಸರಿನಿಂದ ನರಳುತ್ತಿದ್ದಾರೆ. ದೂರು ಇಷ್ಟೇ.

ಕೇರಳದ ನಿಳಾ ನದಿಯ ದಡದ ನಮ್ಮ ಊರುಗಳಲ್ಲಿ ಗುಣವಾಗದ ಕಾಯಿಲೆಯವರನ್ನು ನೋಡಿಕೊಳ್ಳುವುದು ಊರವರೆಲ್ಲರ ಕೆಲಸ. ಯಾರ ನೋವು ಹೆಚ್ಚಿದೆ, ನರ್ಸ್ ಹೋಗುವ ಜೀಪು ಮೊದಲು ಯಾರ ಮನೆ ಮುಂದೆ ನಿಲ್ಲಬೇಕು ಎಂದು ತಿಳಿಸುವ ‘ಅರಿಗತ್ತ್’ ಎಂಬ ತಂತ್ರಾಂಶವನ್ನು ನಮ್ಮ ಸ್ವಯಂಸೇವಕರು ನಡೆಸುತ್ತಿದ್ದರು. ಮಲಯಾಳದಲ್ಲಿ ‘ಹತ್ತಿರ’ ಎಂದು ಆ ಹೆಸರಿನ ಅರ್ಥ. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಅದರ ಪ್ರತಿ ಪಡೆದು, ತಿದ್ದಿ, ಬೇರೆ ದಾರಿಯಲ್ಲಿ ಬೆಳೆಸಬಹುದು. ಹಾಗೆ ಬೇರೆಯಾಗುವುದನ್ನು ಬಲ್ಲವರು ಫೋರ್ಕ್ ಎನ್ನುತ್ತಾರೆ. ಶಾಲೆಯಲ್ಲಿ ಕವಿತೆ ಕಲಿಸಿದ ನನಗೆ ಕವಲು ಎಂಬ ಮಾತೇ ಇಷ್ಟ.

ಕವಲೊಡೆಯುವುದು ಪಾಪವೆಂದು ನಾನು ಹೇಳಲಾರೆ, ಏಕೆಂದರೆ ನಾವೂ ಕವಲೇ. ಮೂಲದಲ್ಲಿ ಇದನ್ನು ಬರೆದವರು ದೂರದ ಕೀನ್ಯಾದ ದಾದಿಯರು. ಅದರಲ್ಲಿ ದಾದಿ ಮಾತ್ರ ನೋವನ್ನು ದಾಖಲಿಸಬಹುದಿತ್ತು. ನಮ್ಮಲ್ಲಿ ರೋಗಿಯ ಪಕ್ಕ ಕೂರುವವಳು ನೆರೆಮನೆಯವಳು, ನೋವು ದಾಖಲಿಸಲು ಅವಳಿಗೂ ಒಂದು ಬಾಗಿಲು ಬೇಕೆಂದೆವು. ತಮಗೆ ಪುರುಸೊತ್ತಿಲ್ಲ, ನೀವೇ ಮಾಡಿಕೊಳ್ಳಿ ಎಂದರು. ಮಾಡಿಕೊಂಡೆವು. ಅವರ ತಿದ್ದುಪಡಿಗಳು ನಮಗೆ, ನಮ್ಮವು ಅವರಿಗೆ ಹೋಗಿಬರುತ್ತಲೇ ಇದ್ದವು. ಕಡೆಗೆ ಆ ಬಾಗಿಲನ್ನು ಅವರೂ ತಮ್ಮದರಲ್ಲಿ ಇಟ್ಟರು. ಯಾರನ್ನೂ ಕಾಯದೆ, ಯಾರ ಕಾಲೂ ಹಿಡಿಯದೆ ನಮಗೆ ಬೇಕಾದುದನ್ನು ಕಟ್ಟಿಕೊಂಡೆವಲ್ಲ, ಕವಲಿನ ವರವೆಂದರೆ ಅದು.

ಆಮೇಲೆ ನೀವು, ಸರ್ಕಾರದವರು, ನಮ್ಮಿಂದ ಕವಲೊಡೆದಿರಿ. ಹೊಸ ಹೆಸರು, ಹೊಸ ಬಣ್ಣ, ಮೊದಲ ಪುಟದಲ್ಲಿ ನಿಮ್ಮ ನಗುವ ಭಾವಚಿತ್ರ. ಇರಲಿ. ಆದರೆ ನೆರೆಮನೆಯವರ ಬಾಗಿಲನ್ನು ‘ಅನಧಿಕೃತ’ವೆಂದು ಕಿತ್ತುಹಾಕಿ, ಎಲ್ಲ ಆರೈಕೆ ಘಟಕಗಳೂ ನಿಮ್ಮದನ್ನೇ ಬಳಸಬೇಕೆಂದು ಆಜ್ಞೆ ಹೊರಡಿಸಿದಿರಿ. ಈಗ ನರ್ಸ್ ಮನೆಗೆ ಬಂದರಷ್ಟೇ ನೋವು ದಾಖಲಾಗುತ್ತದೆ. ನೋವು ದಾಖಲಾದರಷ್ಟೇ ನರ್ಸ್ ಬೇಗ ಬರುತ್ತಾರೆ. ಈ ಚಕ್ರವನ್ನು ಕಂಡುಹಿಡಿದ ಸಮಿತಿಗೆ ಒಂದು ಶಾಲು ಹೊದಿಸಬಾರದೇ?

ಸಿಗ್ನಲ್ ಇಲ್ಲದ ಕಡೆ ನಿಮ್ಮದರಲ್ಲಿ ಬರೆದದ್ದು ಮಾಯವಾಗುತ್ತದೆ. ಆ ದೋಷವನ್ನು ನಾವು ನಮ್ಮಲ್ಲಿ ಎಂದೋ ಸರಿಪಡಿಸಿದ್ದೆವು, ನಿಮಗೂ ಕಳಿಸಿದೆವು. “ಹೊರಗಿನವರ ಕೋಡ್ ಸ್ವೀಕರಿಸಲು ಅವಕಾಶವಿಲ್ಲ” ಎಂಬ ಉತ್ತರ ಬಂತು. ಸ್ವಾಮಿ, ನಿಮ್ಮಲ್ಲಿರುವುದೆಲ್ಲ ಯಾರ ಕೋಡ್?

ಕಳೆದ ವಾರ ನಬೀಸಾತ್ತ ಹಾಲಿಲ್ಲದ ಕಟ್ಟನ್ ಚಾಯದ ಲೋಟ ಎತ್ತಲಾರದೆ ಹೋದರು. ಪಕ್ಕದ ಮನೆಯ ಜಾನು ನರ್ಸ್‌ಗೆ ಫೋನ್ ಮಾಡಿದಳು. ನಾನು ಅಲ್ಲೇ ಇದ್ದೆ.

“ಬಂದ್ಬಿಡ್ತಿದ್ದೆ ಕಣೇ ಜಾನು. ಜೀಪು ಪಟ್ಟಿ ಬಿಟ್ಟು ಬೇರೆ ಕಡೆ ತಿರುಗಿದ್ರೆ ನನ್ನನ್ನೇ ಮನೆಗೆ ಕಳಿಸ್ತಾರೆ” ಎಂದು ನರ್ಸ್ ಅತ್ತರು.

ಹಾಸಿಗೆಯಿಂದ ನಬೀಸಾತ್ತ ಕೇಳಿದರು: “ಯಾಕೇ, ನಿನ್ನ ಫೋನಿಗೆ ನನ್ನ ನೋವು ಕೇಳ್ಸೋದಿಲ್ವಾ? ಮೊದ್ಲು ಕೇಳ್ಸ್ತಿತ್ತಲ್ಲ.”

“ಅದಕ್ಕೀಗ ಸರ್ಕಾರಿ ನೌಕರಿ ಸಿಕ್ಕಿದೆ, ನಬೀಸಾತ್ತ.” ಎಂದಳು ಜಾನು. “ನಮ್ಮಂಥೋರ ಮಾತು ಎಲ್ಲಿ ಕೇಳುತ್ತೆ?”

ನಬೀಸಾತ್ತ ನಗಲು ಹೋಗಿ ಚೀರಿದರು. ಅವರ ಮಾರ್ಫಿನ್ ಮುಗಿದಿತ್ತು. ನಿಮ್ಮ ಪಟ್ಟಿಯ ಪ್ರಕಾರ ಜೀಪು ಬರುವವರೆಗೆ ಹಾಗೇ ಬಿದ್ದಿದ್ದರು. ಈಗ ಸಿಕ್ಕಿರುವ ಗುಳಿಗೆಯೂ ಹೆಚ್ಚಿದ ನೋವಿಗೆ ಸಾಲುತ್ತಿಲ್ಲ.

ಸುಳ್ಳು ದೂರು ಬರಬಹುದು, ಮಾರ್ಫಿನ್ ದುರುಪಯೋಗವಾಗಬಹುದು ಎಂಬ ನಿಮ್ಮ ಅಂಜಿಕೆ ಅಸಂಬದ್ಧವಲ್ಲ. ಆದರೆ ಜಾನು ಔಷಧ ಕೇಳಲಿಲ್ಲ, ಬಂದು ನೋಡಿ ಎಂದಳು. ಎಷ್ಟು ಕೊಡಬೇಕೆಂಬುದನ್ನು ವೈದ್ಯರೇ ತೀರ್ಮಾನಿಸಲಿ.

ನಮ್ಮ ತಂತ್ರಾಂಶ ನೋಡಿಕೊಳ್ಳುವ ಶಿಹಾಬ್ ರೇಗಿದ್ದಾನೆ. “ಟೀಚರೇ, ಅವರದನ್ನೇ ನಾವು ಮತ್ತೆ ಫೋರ್ಕ್ ಮಾಡೋಣ. ಕಾನೂನು ನಮ್ಮ ಕಡೆಗಿದೆ.” ಇರಬಹುದು. ಆದರೆ ಕವಲಿನ ಶಾಪವೂ ಅಲ್ಲೇ ಇದೆ. ಇರುವ ಬೆರಳೆಣಿಕೆಯ ಜನ ನಮ್ಮದು, ನಿಮ್ಮದು, ಹೊಸದು ಎಂದು ಮೂರು ಕಡೆ ಹಂಚಿಹೋಗುತ್ತಾರೆ. ಒಬ್ಬಳೇ ರೋಗಿ ಮೂರು ಕಡೆ ಮೂರು ಬಗೆಯಾಗಿ ದಾಖಲಾಗುತ್ತಾಳೆ. ಜೀಪು ಮಾತ್ರ ಒಂದೇ. ಅದು ಯಾರ ಮಾತು ಕೇಳಬೇಕು?

ಆದ್ದರಿಂದ ನಮ್ಮ ಬೇಡಿಕೆ ಇದು: ಆ ಬಾಗಿಲನ್ನು ನಿಮ್ಮದರಲ್ಲಿ ಮತ್ತೆ ತೆರೆಯಿರಿ, ನಾಳೆಯೇ. ಪ್ರತಿಯಾಗಿ ನಾವು ‘ಅರಿಗತ್ತ್’ ಅನ್ನು ಬೆಳೆಸುವುದನ್ನು ನಿಲ್ಲಿಸುತ್ತೇವೆ. ಹೆಸರು, ಶ್ರೇಯ, ಭಾವಚಿತ್ರ ಎಲ್ಲ ನಿಮ್ಮವೇ ಇರಲಿ. ಶಿಹಾಬ್ ಬಂದು ನಿಮ್ಮ ಕಚೇರಿಯಲ್ಲಿ ಕೂತು ಬಿಟ್ಟಿಯಾಗಿ ಜೋಡಿಸಿಕೊಡುತ್ತಾನೆ. “ಇದು ಶರಣಾಗತಿ ಟೀಚರೇ” ಎಂದ. “ಹೌದು ಮಗೂ” ಎಂದೆ. “ಯಾವ ಬಸ್ಸಿಗೆ ಹೋಗ್ಲಿ?” ಎಂದು ಕೇಳಿದ. ನಾಳೆ ಬೆಳಿಗ್ಗೆ ನಿಮ್ಮ ಗೇಟಿನ ಹತ್ತಿರ ಇರುತ್ತಾನೆ. ದಯವಿಟ್ಟು ಅವನನ್ನು ಒಳಗೆ ಬಿಡಿ.

ಇಂತಿ,
ವಾದದಲ್ಲಿ ಗೆಲ್ಲುವ ಆಸೆ ಬಿಟ್ಟಿರುವ,
ಕೆ. ವಿ. ಸೌದಾಮಿನಿ